ಡೆಪ್ಯುಟಿ ಚನ್ನಬಸಪ್ಪನವರು: ಶಾಲೆಗಳನ್ನು ನಡೆಯಿಸಿದ ಒಬ್ಬ ಅಧಿಕಾರಿಯ ಚರಿತ್ರೆ

ಮುದ್ದೇಬಿಹಾಳ ತಾಲೂಕಿನ ನಾಲತವಾಡದಲ್ಲಿ ಒಬ್ಬ ಒಕ್ಕಲಿಗನ ಮಗನು ಪಾಟಿಚೀಲವನ್ನು ಹೆಗಲಿಗೇರಿಸಿಕೊಂಡು ಶಾಲೆಗೆ ಹೋಗಿ, ತನ್ನ ತಾಯಿ ಮನೆಯಲ್ಲಿ ಆಡುವ ಮಾತಿನಲ್ಲಿಯೇ ಗಣಿತವನ್ನೂ ಭೂಗೋಲವನ್ನೂ ಕಲಿತು ಸಂಜೆಗೆ ಮರಳಿ ಬರುವದು ಇಂದು ಯಾರಿಗೂ ಆಶ್ಚರ್ಯದ ಸಂಗತಿಯೆನಿಸದು. ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಕಡೆಗೂ ಇದೇ ಮಾತು. ನಿತ್ಯವೂ ಕಣ್ಣಿಗೆ ಬೀಳುವ ವಸ್ತುವಿನ ಹಿಂದೆ ಯಾರ ಶ್ರಮವಿದೆಯೆಂಬದನ್ನು ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಆದರೆ ನೂರೆಪ್ಪತ್ತು ವರ್ಷಗಳ ಹಿಂದೆ ಈ ಸೀಮೆಯ ಹುಡುಗನಿಗೆ ಸರಕಾರಿ ಶಾಲೆ ದೊರೆಯುವದೇ ಅಪರೂಪವಾಗಿತ್ತು. ದೊರೆತರೂ ಅಲ್ಲಿ ಕನ್ನಡ ದೊರೆಯುವ ಭರವಸೆ ಇರಲಿಲ್ಲ. ಆ ಸ್ಥಿತಿಯನ್ನು ಬದಲಿಸಿದ ಕೆಲವೇ ಮಂದಿಯಲ್ಲಿ ಮೊದಲಿಗೆ ಎಣಿಸತಕ್ಕ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು.

ಚನ್ನಬಸಪ್ಪನವರನ್ನು ಕನ್ನಡದ ಅಭಿಮಾನಿಯೆಂದು ಕೊಂಡಾಡುವದು ವಾಡಿಕೆಯಾಗಿದೆ. ಅದು ಯೋಗ್ಯವೇ ಸರಿ. ಆದರೆ ಅವರ ಜೀವನದ ಇನ್ನೊಂದು ಮುಖವನ್ನು ನಮ್ಮ ವಾಚಕರ ಮುಂದೆ, ವಿಶೇಷವಾಗಿ ಅಧಿಕಾರದಲ್ಲಿರುವ ವಾಚಕರ ಮುಂದೆ, ಇಡಬೇಕೆಂದು ನಾವು ಬಯಸುತ್ತೇವೆ. ಅವರು ತಮ್ಮ ಆಯುಷ್ಯದ ಉತ್ತಮ ಭಾಗವನ್ನು ಮಾಸ್ತರರನ್ನು ತಿದ್ದುವದರಲ್ಲಿ, ಅವರ ಕೆಲಸವನ್ನು ತಪಾಸಿಸುವದರಲ್ಲಿ, ಅವರಿಗೆ ಸಾಧನಗಳನ್ನು ಒದಗಿಸುವದರಲ್ಲಿ ಕಳೆದರು. ಶಾಲೆಗಳಲ್ಲಿ ದುಡಿಯುವ ಜನರನ್ನು ಹೇಗೆ ನಡೆಯಿಸಬೇಕೆಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಮೊದಲು ಉತ್ತರ ಕೊಟ್ಟವರಲ್ಲಿ ಅವರೊಬ್ಬರು. ಆ ಉತ್ತರವು ಗ್ರಂಥರೂಪದಲ್ಲಿರದೆ ಕಾರ್ಯರೂಪದಲ್ಲಿದೆ.

ಅವರ ಕಾಲದ ದೇಶಸ್ಥಿತಿಯನ್ನು ಮೊದಲು ತಿಳಿದುಕೊಳ್ಳಬೇಕು. 1818ರಲ್ಲಿ ಪೇಶವೆಯರ ರಾಜ್ಯವು ಮುರಿದುಬಿದ್ದ ಮೇಲೆ ಧಾರವಾಡದ ಸೀಮೆಯು ಮುಂಬಯಿ ಇಲಾಖೆಗೆ ಸೇರಿತು. ವಿಜಾಪುರದ ಸುತ್ತಲಿನ ಬಹುಭಾಗವು ಸಾತಾರೆಯ ರಾಜರ ಕಡೆಗಿದ್ದು, 1848ರಲ್ಲಿ ಆ ಸಂಸ್ಥಾನವು ಖಾಲಸಾ ಆದಾಗ ಇಂಗ್ಲಿಷರ ವಶವಾಯಿತು. 1864ರಲ್ಲಿ ಕಲಾದಗಿ ಜಿಲ್ಲೆಯು ಏರ್ಪಟ್ಟಿತು. ಅದರ ಮುಖ್ಯ ಕಚೇರಿಯು ವಿಜಾಪುರಕ್ಕೆ ಹೋದದ್ದು 1885ರಲ್ಲಿ. ರಾಜ್ಯ ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ದಫ್ತರಗಳು ಮರಾಠಿಯಲ್ಲಿದ್ದವು, ಬರವಣಿಗೆ ಮೋಡಿಯಲ್ಲಿತ್ತು. ನೌಕರಿ ಬೇಕಾದವನು ಮರಾಠಿಯನ್ನು ಕಲಿಯಬೇಕಾಗಿತ್ತು. ಆದ್ದರಿಂದ ಸರಕಾರವು ತೆರೆದ ಮೊದಲಿನ ಶಾಲೆಗಳೂ ಮರಾಠಿ ಶಾಲೆಗಳೇ ಆದವು. ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕಿ ಬಿಡುಗಡೆ ಹೊಂದಿದ ವಾಲ್ಟರ್ ಇಲಿಯಟ್ ಸಾಹೇಬರು ಧಾರವಾಡದಲ್ಲಿ ತಮ್ಮ ಸ್ವಂತ ವೆಚ್ಚದಿಂದ ಕನ್ನಡ ಶಾಲೆಯನ್ನು ನಡೆಯಿಸಿದರೆಂಬ ಸಂಗತಿಯನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಒಬ್ಬ ಸಾಹೇಬರ ಔದಾರ್ಯದಿಂದ ಒಂದು ನಾಡಿನ ವಿದ್ಯಾಭ್ಯಾಸ ಸಾಗಲಾರದು. ಹಳ್ಳಿಗಳಲ್ಲಿ ಅಯ್ಯಗಳ ಮಠಗಳೂ ಗಾವಠಿ ಶಾಲೆಗಳೂ ಇದ್ದವು. ಅಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಓಲೆ ಓದುವಷ್ಟು ಕಲಿತು ಹೊಲಕ್ಕೋ ಅಂಗಡಿಗೋ ಹೋಗುತ್ತಿದ್ದರು.

ಇಂಥ ಕಾಲದಲ್ಲಿ, 1834ರ ಸುಮಾರಿಗೆ, ಚನ್ನಬಸಪ್ಪನವರು ಧಾರವಾಡದಲ್ಲಿ ಜನಿಸಿದರು. ಊರಿನಲ್ಲಿ ದೊರೆತ ವಿದ್ಯೆಯಿಂದ ತೃಪ್ತರಾಗದೆ ಅವರು ಪುಣೆಗೆ ಹೋದರು. ಮನೆಯವರ ಸಮ್ಮತಿಗೆ ಕಾಯದೆ, ಕಾಲ್ನಡಿಗೆಯಿಂದಲೇ ಹೋದರೆಂದು ಧಾರವಾಡದ ಕಡೆಯ ಜನರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಮುಂಬಯಿಯಿಂದ ಪುಣೆಯವರೆಗೆ ರೈಲು ಬಂದದ್ದೇ 1858ರಲ್ಲಿ. ಪುಣೆಯಿಂದ ದಕ್ಷಿಣಕ್ಕೆ ಧಾರವಾಡದ ವರೆಗಿನ ದಾರಿಯು ಬಂಡಿಗೂ ಕಾಲಿಗೂ ಮಾತ್ರ ತಿಳಿದಿತ್ತು. ವಿದ್ಯೆಗಾಗಿ ಆ ದಾರಿಯನ್ನು ತುಳಿದ ತರುಣನು ಮುಂದೆ ದೊಡ್ಡ ಪಗಾರದ ಬೇರೆ ನೌಕರಿಯನ್ನು ಹುಡುಕಬಹುದಾಗಿತ್ತು. ಇಂಗ್ಲಿಷು ಬಲ್ಲ ಕನ್ನಡಿಗರು ಬೆರಳೆಣಿಕೆಗೆ ಸಿಕ್ಕುತ್ತಿದ್ದ ಕಾಲದಲ್ಲಿ ಮಾಮಲೇದಾರಿಕೆಯ ದಾರಿಯೂ ಮುಚ್ಚಿರಲಿಲ್ಲ. ಅವರು ವಿದ್ಯಾಖಾತೆಯನ್ನು ಆರಿಸಿಕೊಂಡರು.

ವಿದ್ಯಾಖಾತೆಯು ಆಗ ಹೊಸತಾಗಿ ಹುಟ್ಟಿತ್ತು. 1854ರಲ್ಲಿ ಚಾರ್ಲ್ಸ್ ವುಡ್ ಸಾಹೇಬರು ವಿಲಾಯತಿಯಿಂದ ಕಳಿಸಿದ ಪ್ರಸಿದ್ಧವಾದ ಖಲೀತೆಯಲ್ಲಿ ಪ್ರತಿಯೊಂದು ಇಲಾಖೆಗೆ ವಿದ್ಯಾಖಾತೆ ಇರಬೇಕು, ಶಾಲೆಗಳ ತಪಾಸಣೆಗೆ ಅಧಿಕಾರಿಗಳಿರಬೇಕು, ಶಿಕ್ಷಕರನ್ನು ತಯಾರಿಸಲಿಕ್ಕೆ ನಾರ್ಮಲ್ ಶಾಲೆಗಳಿರಬೇಕು, ಸಾಮಾನ್ಯ ಜನರಿಗೆ ದೇಶಭಾಷೆಗಳ ಮುಖಾಂತರ ವಿದ್ಯೆ ದೊರೆಯಬೇಕೆಂಬ ಸೂಚನೆಗಳಿದ್ದವು. 1855ರಲ್ಲಿ ಮುಂಬಯಿ ಇಲಾಖೆಯಲ್ಲಿ ಆ ಖಾತೆಯು ನೆಲೆಗೊಂಡಿತು. ಎರಡೇ ವರುಷಗಳಲ್ಲಿ ದೇಶದ ತುಂಬ ಬೆಂಕಿ ಹತ್ತಿತು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲೊಲ್ಲದೆ ಮಡಿದರು. 1858ರಲ್ಲಿ ನರಗುಂದವು ಬಿದ್ದಿತು. ನಾಲತವಾಡಕ್ಕೆ ದೂರವಲ್ಲದ ಸುರಪುರದ ವೆಂಕಟಪ್ಪ ನಾಯಕರ ರಾಜ್ಯವೂ ಅದೇ ವರ್ಷ ಮುಳುಗಿತು.

ಇಲ್ಲಿ ರಾಷ್ಟ್ರೀಯ ಮನಸ್ಸಿನ ವಾಚಕನಿಗೆ ಒಂದು ಸಂದೇಹ ಹುಟ್ಟುವದು ಸ್ವಾಭಾವಿಕ. ನೆರೆಹೊರೆಯಲ್ಲಿ ವೀರರು ನೇಣಿಗೇರುತ್ತಿದ್ದಾಗ ಅದೇ ಸರಕಾರದ ಅನ್ನ ಉಂಡು ನೌಕರಿ ಮಾಡಿದವನನ್ನು ನಾವೇಕೆ ಪೂಜ್ಯಭಾವದಿಂದ ನೆನೆಯಬೇಕು? ಈ ಸಂದೇಹವನ್ನು ನಾವು ಹಗುರಾಗಿ ತಳ್ಳಿಹಾಕುವದಿಲ್ಲ. ಅಧಿಕಾರವು ಯಾರಿಂದ ಬಂದಿತೆಂಬದು ಒಂದು ಪ್ರಶ್ನೆ, ಅದು ಯಾರಿಗಾಗಿ ವೆಚ್ಚವಾಯಿತೆಂಬದು ಇನ್ನೊಂದು. ಚನ್ನಬಸಪ್ಪನವರ ಕೈಯಲ್ಲಿದ್ದ ಅಧಿಕಾರವು ಅಲ್ಪವಾಗಿತ್ತು, ಪರಕೀಯರದಾಗಿತ್ತು. ಅದನ್ನು ಅವರು ಪೂರ್ಣವಾಗಿ ಈ ನಾಡಿನ ಮಕ್ಕಳಿಗಾಗಿ ಬಳಸಿದರು. ಮುಂದೆ ಸ್ವರಾಜ್ಯದ ಮಾತನ್ನು ಕನ್ನಡದಲ್ಲಿ ಬರೆಯುವವರೂ ಓದುವವರೂ ಹುಟ್ಟಿದ್ದು ಇಂಥವರು ಕಟ್ಟಿದ ಶಾಲೆಗಳಲ್ಲಿಯೇ.

ಅವರ ಕಾರ್ಯದ ಮೊದಲನೆಯ ಕ್ಷೇತ್ರವು ಧಾರವಾಡದ ನಾರ್ಮಲ್ ಶಾಲೆ. ಅದು ಮುಂದೆ ಟ್ರೇನಿಂಗ್ ಕಾಲೇಜೆಂದು ಹೆಸರಾಯಿತು. ಚನ್ನಬಸಪ್ಪನವರು ಅದರ ಮುಖ್ಯಸ್ಥರಾದರು. ಹಳ್ಳಿಯ ಮಠದಲ್ಲಿ ಕಲಿತು ಬಂದ ತರುಣರನ್ನು ಹೊಸ ರೀತಿಯ ಶಿಕ್ಷಕರನ್ನಾಗಿ ಮಾಡುವದು ಅಲ್ಲಿಯ ಕೆಲಸ. ಬಾಯಿಪಾಠ ಬಲ್ಲವನಿಗೆ ಅರ್ಥ ಹೇಳಿಕೊಡುವದನ್ನು ಕಲಿಸಬೇಕು. ಬೆತ್ತ ಬಲ್ಲವನಿಗೆ ತಾಳ್ಮೆಯನ್ನು ಕಲಿಸಬೇಕು. ಒಂದೇ ಕೋಣೆಯಲ್ಲಿ ನಾಲ್ಕು ಇಯತ್ತೆಗಳನ್ನು ಕೂಡಿಸಿಕೊಂಡು ಕಾಲವನ್ನು ಹಂಚುವದನ್ನು ಕಲಿಸಬೇಕು. ಧಾರವಾಡ, ಬೆಳಗಾಂವಿ, ಕಲಾದಗಿ, ಕಾರವಾರಗಳ ಕನ್ನಡ ಶಾಲೆಗಳಿಗೆ ಮಾಸ್ತರರು ಅಲ್ಲಿಂದಲೇ ಹೊರಡಬೇಕಾಗಿತ್ತು. ಶಾಲೆಗಳನ್ನು ಎಷ್ಟು ತೆರೆದರೂ ತಕ್ಕ ಮಾಸ್ತರನಿಲ್ಲದಿದ್ದರೆ ಅದು ದೇವರಿಲ್ಲದ ಗುಡಿಯೇ ಸರಿ. ಜನರನ್ನು ನಡೆಯಿಸಬೇಕೆನ್ನುವವನು ಮೊದಲು ಅವರನ್ನು ತಯಾರಿಸಬೇಕು. ಕಲಿಸದೆ ಇದ್ದುದನ್ನು ಅವರಿಂದ ಬಯಸುವದು ಅನ್ಯಾಯ. ಚನ್ನಬಸಪ್ಪನವರ ಸೇವೆಯಲ್ಲಿ ಶಿಕ್ಷಕರ ಶಿಕ್ಷಣವು ಮೊದಲು, ತಪಾಸಣೆಯು ಅನಂತರ ಬಂದಿತೆಂಬ ಕ್ರಮವನ್ನು ನಾವು ಗಮನಿಸಬೇಕು.

ಎರಡನೆಯ ಕ್ಷೇತ್ರವು ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರ ಹುದ್ದೆ. ಜನರು ಈ ಉದ್ದ ಹೆಸರಿನ ಮೊದಲ ಮಾತನ್ನೇ ಉಳಿಸಿಕೊಂಡು ಅವರನ್ನು ಡೆಪ್ಯುಟಿ ಚನ್ನಬಸಪ್ಪನವರೆಂದು ಕರೆದರು. ಹುದ್ದೆ ಹೋದ ಮೇಲೂ, ದೇಹ ಬಿದ್ದ ಮೇಲೂ ಆ ಹೆಸರು ಹೋಗಲಿಲ್ಲ. ಅವರ ತರುವಾಯ ಎಷ್ಟೋ ಮಂದಿ ಡೆಪ್ಯುಟಿಗಳು ಆಗಿಹೋದರು. ಆದರೆ ಕನ್ನಡ ನಾಡಿನಲ್ಲಿ ಡೆಪ್ಯುಟಿಯೆಂಬ ಮಾತು ಹೆಸರಿನ ಅಂಗವಾಗಿ ನಿಂತದ್ದು ಅವರಿಗೆ ಮಾತ್ರ.

ಆ ಹುದ್ದೆಯ ಕೆಲಸವು ಸುಲಭದ್ದಾಗಿರಲಿಲ್ಲ. ಮೇಲೆ ಇಂಗ್ಲಿಷ್ ಇನ್‌ಸ್ಪೆಕ್ಟರರು, ಕೆಳಗೆ ಅಲ್ಪ ಸಂಬಳದ ಹಳ್ಳಿಯ ಮಾಸ್ತರರು, ಎದುರಿಗೆ ಮಕ್ಕಳನ್ನು ಶಾಲೆಗೆ ಕಳಿಸಲೊಲ್ಲದ ತಂದೆತಾಯಿಗಳು. ಬಂಡಿಯಲ್ಲಿಯೋ ಕುದುರೆಯ ಮೇಲೆಯೋ ಊರೂರು ತಿರುಗಬೇಕು, ಹಾಜರಿ ನೋಡಬೇಕು, ಹುಡುಗರ ಪರೀಕ್ಷೆ ಮಾಡಬೇಕು, ಶೇರಾ ಬುಕ್ಕಿನಲ್ಲಿ ಅಭಿಪ್ರಾಯ ಬರೆಯಬೇಕು. ಮಾಸ್ತರನ ಬಡತಿಯೂ ಬದಲಿಯೂ ಈ ಬರವಣಿಗೆಯನ್ನು ಅವಲಂಬಿಸಿದ್ದವು. ಇಂಥ ಅಧಿಕಾರವು ಕೈಗೆ ಬಂದಾಗ ಮನುಷ್ಯನು ಎರಡು ರೀತಿಯಾಗಿ ಕೆಡಬಹುದು. ತಪ್ಪು ಹಿಡಿಯುವದನ್ನೇ ಕಾರ್ಯವೆಂದು ತಿಳಿದು ಎಲ್ಲರನ್ನೂ ಹೆದರಿಸಬಹುದು. ಇಲ್ಲವೆ ಎಲ್ಲವೂ ಸರಿಯಿದೆಯೆಂದು ಬರೆದು ಊಟ ಮುಗಿಸಿ ಮುಂದಿನ ಊರಿಗೆ ಹೊರಡಬಹುದು. ಚನ್ನಬಸಪ್ಪನವರು ತಪಾಸಣೆಗೆ ಹೋದ ಶಾಲೆಗಳಲ್ಲಿ ಅನೇಕವು ತಮ್ಮಲ್ಲಿಯೇ ಕಲಿತವರ ಶಾಲೆಗಳಾಗಿದ್ದವು. ಶಿಷ್ಯನ ಶಾಲೆಗೆ ಗುರುವು ಹೋದಂತೆ ಅವರು ಹೋಗಬಲ್ಲವರಾಗಿದ್ದರು. ಮಾಸ್ತರನಲ್ಲಿ ದೋಷ ಕಂಡರೆ ಅದು ತಾವು ಕೊಟ್ಟ ಶಿಕ್ಷಣದ ಪರೀಕ್ಷೆಯೂ ಆಗುತ್ತಿತ್ತು. ಈ ಸಂಬಂಧವಿಲ್ಲದ ತಪಾಸಣೆಯು ಬರಿಯ ಪೋಲೀಸ ಕೆಲಸವಾಗುವದು.

ಹಳ್ಳಿಯ ಮಾಸ್ತರನ ದೊಡ್ಡ ಶತ್ರುವು ಬಡತನ; ಅದಕ್ಕಿಂತ ದೊಡ್ಡ ಶತ್ರುವು ಒಂಟಿತನ. ತರಬೇತು ಹೊಂದಿ ಬಂದವನು ಒಂದು ದೂರದ ಊರಿನಲ್ಲಿ ಕುಳಿತು, ಮಾತಾಡಲಿಕ್ಕೆ ಸಮಾನರಿಲ್ಲದೆ, ಓದಲಿಕ್ಕೆ ಪುಸ್ತಕವಿಲ್ಲದೆ, ಕಲಿತದ್ದನ್ನೂ ಕೆಲವೇ ವರ್ಷಗಳಲ್ಲಿ ಮರೆಯುತ್ತಾನೆ. ಇದಕ್ಕೆ ಕಂಡುಹಿಡಿದ ಉಪಾಯವು 1865ರಲ್ಲಿ ಆರಂಭವಾದ ಮಠಪತ್ರಿಕೆ. ಶಾಲೆಗೆ ಜನರು ಮಠವೆಂದೇ ಅನ್ನುತ್ತಿದ್ದ ಕಾಲವದು. ಆ ಹೆಸರನ್ನೇ ಪತ್ರಿಕೆಗೆ ಇಟ್ಟದ್ದರಲ್ಲಿ ಒಂದು ಜಾಣ್ಮೆಯಿದೆ. ಹೊಸ ವಿದ್ಯೆಯು ಹಳೆಯ ಮನೆಯ ಹೆಸರನ್ನು ಹೊತ್ತು ಬಂದಿತು. ತಿಂಗಳಿಗೊಮ್ಮೆ ಬರುವ ಆ ಹಾಳೆಗಳು ಮಾಸ್ತರನಿಗೆ, ತಾನು ಒಬ್ಬನೇ ಅಲ್ಲ, ಒಂದು ದೊಡ್ಡ ಬಳಗದವನೆಂಬ ಅರಿವನ್ನು ಕೊಟ್ಟವು. ಆ ಪತ್ರಿಕೆಯೇ ಮುಂದೆ ಶಾಲಾಪತ್ರಿಕೆಯಾಗಿ, ಆ ಮೇಲೆ ಜೀವನ ಶಿಕ್ಷಣವೆಂಬ ಹೆಸರಿನಿಂದ ಬೆಳೆಯಿತು. ಸರಕಾರದ ಒಂದು ಸುತ್ತೋಲೆಗೆ ಒಂದು ವರ್ಷದ ಆಯುಷ್ಯವೂ ಇರುವದಿಲ್ಲ. ಈ ಬಡ ಪತ್ರಿಕೆಯು ಶತಮಾನವನ್ನು ದಾಟಿತು.

ಪುಸ್ತಕಗಳ ಕೊರತೆಯನ್ನು ನೀಗುವದಕ್ಕೂ ಅವರು ಕೈಹಾಕಿದರು. ಮರಾಠಿಯಲ್ಲಿ ಪಾಠಪುಸ್ತಕಗಳು ಸಿದ್ಧವಾಗಿದ್ದವು, ಕನ್ನಡದಲ್ಲಿ ಇರಲಿಲ್ಲ. ಪುಸ್ತಕಗಳಿಲ್ಲವಾದ್ದರಿಂದ ಕನ್ನಡ ಶಾಲೆ ಬೇಡ, ಶಾಲೆಗಳಿಲ್ಲವಾದ್ದರಿಂದ ಪುಸ್ತಕಗಳು ಬೇಡವೆಂಬ ವಾದವು ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಆ ಸುತ್ತನ್ನು ಮುರಿಯಲಿಕ್ಕೆ ಬರೆಯಬಲ್ಲವರು ಬೇಕಾದರು. ಬಾಣನ ಕಾದಂಬರಿಯನ್ನು ಕನ್ನಡ ಗದ್ಯಕ್ಕೆ ತಂದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ವಿದ್ಯಾಖಾತೆಯಲ್ಲಿ ಭಾಷಾಂತರಕಾರರಾಗಿದ್ದ ವೆಂಕಟರಂಗೋ ಕಟ್ಟಿಯವರು, ಇಂಥ ಪಂಡಿತರು ಅದೇ ಕಾಲದಲ್ಲಿ ಅದೇ ಕಾರ್ಯಕ್ಕೆ ಹೆಗಲು ಕೊಟ್ಟರು. ಒಬ್ಬರು ಲಿಂಗಾಯತರು, ಒಬ್ಬರು ಬ್ರಾಹ್ಮಣರು. ಕನ್ನಡದ ಕೆಲಸದಲ್ಲಿ ಆ ಭೇದವು ಅಡ್ಡ ಬರಲಿಲ್ಲ. ಚನ್ನಬಸಪ್ಪನವರು ತಾವೂ ಲೇಖನಿ ಹಿಡಿದು ಶೇಕ್ಸ್‌ಪಿಯರ್ ಮಹಾಕವಿಯ ಒಂದು ಹಾಸ್ಯನಾಟಕವನ್ನು ಕನ್ನಡದ ಕಥೆಯಾಗಿ ಹೇಳಿದರು. ಇತರರಿಂದ ಬರೆಯಿಸುವವನು ತಾನೂ ಬರೆಯಬಲ್ಲನೆಂಬದು ಕೆಲಸಗಾರರಲ್ಲಿ ಗೌರವವನ್ನು ಹುಟ್ಟಿಸುತ್ತದೆ.

ಮೇಲಧಿಕಾರಿಗಳ ಸಂಗಡ ನಡೆದುಕೊಳ್ಳುವದೂ ಆಡಳಿತದ ಒಂದು ವಿದ್ಯೆ. ದಕ್ಷಿಣ ವಿಭಾಗದ ಎಜುಕೇಶನಲ್ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಕನ್ನಡಕ್ಕೆ ಅನುಕೂಲರಾಗಿದ್ದರು. ಅನುಕೂಲನಾದ ಮೇಲಧಿಕಾರಿ ಸಿಕ್ಕಾಗ ಸ್ವಂತ ಬಡತಿಯನ್ನು ಬೇಡಿಕೊಳ್ಳುವವರೇ ಹೆಚ್ಚು. ಚನ್ನಬಸಪ್ಪನವರು ಆ ಅನುಕೂಲವನ್ನು ಶಾಲೆಗಳಿಗೆ ತಿರುಗಿಸಿದರು. ಕನ್ನಡ ಮಾತಾಡುವ ಊರಿನಲ್ಲಿ ಕನ್ನಡ ಶಾಲೆಯೇ ಇರಬೇಕೆಂಬ ನ್ಯಾಯವು ಮೆಲ್ಲಮೆಲ್ಲಗೆ ವಿದ್ಯಾಖಾತೆಯ ರೀತಿಯಾಯಿತು. ಮರಾಠಿ ಶಾಲೆಗಳಿದ್ದಲ್ಲಿ ಕನ್ನಡ ಶಾಲೆಗಳು ಎದ್ದವು. ಇದು ಮರಾಠಿಯ ದ್ವೇಷದಿಂದ ಆದ ಕಾರ್ಯವಲ್ಲವೆಂಬದನ್ನು ಸ್ಪಷ್ಟವಾಗಿ ಹೇಳಬೇಕು. ಮರಾಠಿಯ ಬೀಡಾದ ಪುಣೆಯಲ್ಲಿಯೇ ಅವರು ವಿದ್ಯೆ ಕಲಿತವರು. ಮಗುವು ತಿಳಿಯದ ಭಾಷೆಯಲ್ಲಿ ಕಲಿತದ್ದು ಮನಸ್ಸಿಗಿಳಿಯುವದಿಲ್ಲವೆಂಬದು ಶಿಕ್ಷಣದ ಮಾತು. ಅಭಿಮಾನದ ಮಾತು ಅದರ ಹಿಂದಿನಿಂದ ಬರುವದು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವದಿಲ್ಲ. ಒಕ್ಕಲುತನದ ಮನೆಯಲ್ಲಿ ಎಂಟು ವರ್ಷದ ಹುಡುಗನು ದನ ಕಾಯುವ ಆಳು. ಅವನನ್ನು ಶಾಲೆಗೆ ಬಿಡುವದೆಂದರೆ ಮನೆಗೆ ನಷ್ಟ. ಚನ್ನಬಸಪ್ಪನವರು ಊರೂರಿಗೆ ಹೋಗಿ ಹಿರಿಯರಿಗೆ ಮಕ್ಕಳನ್ನು ಶಾಲೆಗೆ ಹಾಕಿರೆಂದು ಬೇಡಿಕೊಂಡರೆಂದೂ, ಬಡ ವಿದ್ಯಾರ್ಥಿಗಳಿಗೆ ತಮ್ಮ ಮನೆಯಲ್ಲಿಯೇ ಅನ್ನವಿಟ್ಟರೆಂದೂ, ಭಿಕ್ಷೆ ಬೇಡಿಯಾದರೂ ಅವರನ್ನು ಓದಿಸುವೆನೆಂಬ ನಿಶ್ಚಯ ಅವರದಾಗಿತ್ತೆಂದೂ ಜನರು ನೆನೆಯುತ್ತ ಬಂದಿದ್ದಾರೆ. ಅಧಿಕಾರಿಯು ಕಾಯದೆಯಿಂದ ಹಾಜರಿಯನ್ನು ತುಂಬಿಸಲಾರನು. ಊರಿನ ವಿಶ್ವಾಸವನ್ನು ಗಳಿಸಿಯೇ ತುಂಬಿಸಬೇಕು.

ಮಹಾಪುರುಷರ ಚರಿತ್ರೆಯಲ್ಲಿ ಬೆಳಕನ್ನಷ್ಟೇ ಬರೆದು ನೆರಳನ್ನು ಬಿಡುವದು ಸತ್ಯಕ್ಕೆ ದ್ರೋಹ. ಆ ಕಾಲದ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1856ರಲ್ಲಿ ಅದೇ ಧಾರವಾಡದಲ್ಲಿ ಒಬ್ಬ ಮಹಾರ ಹುಡುಗನು ಸರಕಾರಿ ಶಾಲೆಯಲ್ಲಿ ಪ್ರವೇಶ ಬೇಡಿದಾಗ ಅವನಿಗೆ ಅದು ದೊರೆಯಲಿಲ್ಲ. ಉಳಿದವರು ಶಾಲೆ ಬಿಟ್ಟುಹೋದಾರೆಂಬ ಅಂಜಿಕೆಯಿಂದ ಮುಂಬಯಿ ಸರಕಾರವೂ ಅವನ ಕೈ ಹಿಡಿಯಲಿಲ್ಲ. ಸರಕಾರಿ ಶಾಲೆಗಳು ಎಲ್ಲ ಜಾತಿಗಳಿಗೂ ತೆರೆದಿರಬೇಕೆಂಬ ತತ್ತ್ವವನ್ನು ಆ ತರುವಾಯ ವಿಲಾಯತಿಯ ಅಧಿಕಾರಿಗಳು ಒಪ್ಪಿದರೂ ತತ್ತ್ವವು ಹಳ್ಳಿಯ ಶಾಲೆಯ ಹೊಸ್ತಿಲನ್ನು ದಾಟಲಿಕ್ಕೆ ತಲೆಮಾರುಗಳೇ ಬೇಕಾದವು. ಹೆಣ್ಣುಮಕ್ಕಳ ವಿದ್ಯೆಯೂ ಹಾಗೆಯೇ ಹಿಂದುಳಿಯಿತು. ಆ ಯುಗದ ಶಾಲೆಗಳನ್ನು ಕಟ್ಟಿದವರ ಕೀರ್ತಿಯನ್ನು ಹಾಡುವಾಗ ಆ ಹುಡುಗನನ್ನು ನಾವು ಮರೆಯತಕ್ಕದ್ದಲ್ಲ. ಒಬ್ಬ ಮಗು ಹೊರಗೆ ನಿಂತಿರುವ ವರೆಗೆ ಶಾಲೆಯ ಆಡಳಿತವು ಪೂರ್ಣವಾಗಿದೆಯೆಂದು ಹೇಳಲಾಗದು.

ಚನ್ನಬಸಪ್ಪನವರ ಜೀವನದ ಕೊನೆಯ ವರ್ಷಗಳಲ್ಲಿ ಕನ್ನಡ ಜಿಲ್ಲೆಗಳಿಗೆ ಘೋರ ವಿಪತ್ತು ಬಂದಿತು. 1876ರಿಂದ 1878ರ ವರೆಗಿನ ಬರಗಾಲದಲ್ಲಿ ಕಲಾದಗಿ ಜಿಲ್ಲೆಯು ಬೆಂದುಹೋಯಿತು. 1872ರ ಖಾನೇಸುಮಾರಿಯಲ್ಲಿ 8 ಲಕ್ಷ 16 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಊರುಗಳೇ ಬರಿದಾದ ಮೇಲೆ ಶಾಲೆಗಳ ಪಾಡನ್ನು ಹೇಳಬೇಕಾದದ್ದಿಲ್ಲ. ಆ ಬರದ ಗಾಯ ಮಾಯುವ ಮೊದಲೇ, 1881ರಲ್ಲಿ, ಐವತ್ತು ತುಂಬದ ವಯಸ್ಸಿನಲ್ಲಿ ಚನ್ನಬಸಪ್ಪನವರು ತೀರಿಕೊಂಡರು.

ನಾಯಕನ ಯೋಗ್ಯತೆಯನ್ನು ಅವನು ಹೋದ ಮೇಲೆ ಅಳೆಯಬೇಕೆನ್ನುತ್ತಾರೆ. ಅವರು ತೀರಿದ ಎರಡು ವರುಷಕ್ಕೆ, 1883ರಲ್ಲಿ, ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರು ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1890ರಲ್ಲಿ, ವಿದ್ಯಾಖಾತೆಯಲ್ಲಿಯೇ ದುಡಿದ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1910ರಲ್ಲಿ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಜಿಲ್ಲೆಯ ವಿದ್ಯಾಸಂಸ್ಥೆಗೆ ಅಡಿಗಲ್ಲನ್ನಿಟ್ಟರು. 1916ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಬೆಳಗಾಂವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥೆಯನ್ನು ಆರಂಭಿಸಿದರು. ಸರಕಾರದ ಸಂಬಳವನ್ನೇ ನಂಬಿ ಕುಳಿತ ಶಿಕ್ಷಕವರ್ಗದಿಂದ ಇಂಥ ಸಾಹಸಗಳು ಹುಟ್ಟಲಾರವು. ತಮ್ಮ ವೃತ್ತಿಯ ಮೇಲೆ ಅಭಿಮಾನವಿದ್ದ ವರ್ಗದಿಂದಲೇ ಹುಟ್ಟಬಲ್ಲವು. ಆ ಅಭಿಮಾನದ ಬೀಜವನ್ನು ಬಿತ್ತಿದವರಲ್ಲಿ ಚನ್ನಬಸಪ್ಪನವರು ಮೊದಲಿಗರು.

ನಾಲತವಾಡಕ್ಕೆ ನೆರೆಯಾದ ಆಲಮಟ್ಟಿಯಲ್ಲಿ ಇದೇ ವೃತ್ತಿಯ ಇನ್ನೊಬ್ಬರ ಹೆಜ್ಜೆಗಳಿವೆ. ಬನವಾಸಿಯಲ್ಲಿ ಹುಟ್ಟಿ, ಸಿರ್ಸಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಹರ್ಡೇಕರ ಮಂಜಪ್ಪನವರು 1906ರಲ್ಲಿ ಸ್ವದೇಶೀ ಚಳವಳಿಯ ಕರೆಗೆ ಓಗೊಟ್ಟು ನೌಕರಿಯನ್ನು ಬಿಟ್ಟರು. 1927ರಲ್ಲಿ ಆಲಮಟ್ಟಿಗೆ ಬಂದು ಕೃಷ್ಣೆಯ ದಡದಲ್ಲಿ ವಿದ್ಯಾಲಯವನ್ನು ನಡೆಯಿಸಿದರು. 1947ರ ಆರಂಭದಲ್ಲಿ, ಸ್ವಾತಂತ್ರ್ಯವನ್ನು ಕಾಣುವ ಮೊದಲೇ ತೀರಿಕೊಂಡರು. ಒಬ್ಬರು ಖಾತೆಯ ಒಳಗಿದ್ದು ದುಡಿದರು, ಒಬ್ಬರು ಖಾತೆಯನ್ನು ತೊರೆದು ದುಡಿದರು. ಕಾಲಕ್ಕೆ ತಕ್ಕ ಮಾರ್ಗ ಬೇರೆಯಾಯಿತು. ತನ್ನ ಕೈಕೆಳಗಿನವರಿಂದ ಏನನ್ನು ಬಯಸುವೆವೋ ಅದನ್ನು ಮೊದಲು ತಾನು ಮಾಡಬೇಕೆಂಬ ನಿಯಮವು ಇಬ್ಬರಿಗೂ ಒಂದೇ ಆಗಿತ್ತು.

ಈಗ ರಾಜ್ಯ ನಮ್ಮದು. 1956ರಲ್ಲಿ ಕನ್ನಡ ಜಿಲ್ಲೆಗಳು ಒಂದುಗೂಡಿದವು. 2001ರಿಂದ ಊರಿನ ಪಾಲಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರ ಕಾಯದೆಯಿಂದ ವಿದ್ಯೆಯು ಮಗುವಿನ ಹಕ್ಕಾಯಿತು. ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ, ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆಯಿದೆ. ಚನ್ನಬಸಪ್ಪನವರಿಗೆ ಇದ್ದ ಸಾಧನಗಳಿಗಿಂತ ಇಂದಿನ ಸಾಧನಗಳು ಎಷ್ಟೋ ಪಾಲು ಹೆಚ್ಚು. ಆದರೂ ಗಡಿಯ ತಾಲೂಕುಗಳ ಒಬ್ಬ ಮುಖ್ಯಾಧ್ಯಾಪಕನ ದಿನವು ಅಂಕಿಸಂಖ್ಯೆಗಳನ್ನು ತುಂಬುವದರಲ್ಲಿ, ಸಭೆಗಳಿಗೆ ಓಡುವದರಲ್ಲಿ, ಊಟದ ಲೆಕ್ಕ ಬರೆಯುವದರಲ್ಲಿ ಕಳೆದುಹೋಗುತ್ತದೆಂಬ ದೂರು ನಮ್ಮ ಕಿವಿಗೆ ಬೀಳುತ್ತದೆ. ತನ್ನ ಸಹಶಿಕ್ಷಕನ ವರ್ಗದಲ್ಲಿ ಅರ್ಧ ತಾಸು ಕುಳಿತು ಪಾಠವನ್ನು ಕೇಳಲಿಕ್ಕೆ ಅವನಿಗೆ ಬಿಡುವಿಲ್ಲ. ತಪಾಸಣೆಗೆ ಬಂದ ಅಧಿಕಾರಿಯು ದಾಖಲೆಗಳನ್ನು ನೋಡಿ ಹೋಗುತ್ತಾನೆ. ಹುಡುಗನು ಓದಬಲ್ಲನೇ ಎಂಬದನ್ನು ನೋಡಲಿಕ್ಕೆ ವೇಳೆ ಸಾಲುವದಿಲ್ಲ.

ಅಧಿಕಾರದಲ್ಲಿರುವ ನಮ್ಮ ವಾಚಕರಿಗೆ ನಮ್ಮ ಸೂಚನೆಯು ಸರಳವಾದದ್ದು. ಶಿಕ್ಷಕನಿಂದ ಲೆಕ್ಕ ಕೇಳುವ ಮೊದಲು ಅವನಿಗೆ ಏನು ಕೊಟ್ಟಿದ್ದೇವೆಂಬ ಲೆಕ್ಕವನ್ನು ನೋಡಿಕೊಳ್ಳಬೇಕು. ಮುಖ್ಯಾಧ್ಯಾಪಕನನ್ನು ಕಾರಕೂನನ ಕೆಲಸದಿಂದ ಬಿಡಿಸಿ ಶಿಕ್ಷಕರ ಶಿಕ್ಷಕನ ಸ್ಥಾನದಲ್ಲಿ ಕೂಡಿಸಬೇಕು. ತಪಾಸಣೆಗೆ ಹೋದವರು ಶೇರಾ ಬರೆಯುವ ಮುಂಚೆ ಒಂದು ಪಾಠವನ್ನಾದರೂ ತಾವೇ ಮಾಡಿ ತೋರಿಸಬೇಕು. ಇವುಗಳಿಗೆ ಹೊಸ ಕಾಯದೆಯೂ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಪರರಾಜ್ಯದಲ್ಲಿ, ಬಂಡಿಯ ದಾರಿಯಲ್ಲಿ, ಪುಸ್ತಕಗಳೇ ಇಲ್ಲದ ಭಾಷೆಯಲ್ಲಿ ಒಬ್ಬ ಡೆಪ್ಯುಟಿಯು ಮಾಡಿ ತೋರಿಸಿದ್ದನ್ನು ಸ್ವರಾಜ್ಯದ ಅಧಿಕಾರಿಗಳು ಮಾಡಲಾರೆವೆಂದು ಹೇಳುವದು ಅವರಿಗೂ ಭೂಷಣವಲ್ಲ, ನಮಗೂ ಭೂಷಣವಲ್ಲ.